ಬಿಶಾರಾನ ಬೆರಳು

ಬೂಲಾಕಿನ ನಮ್ಮ ಓಣಿಯಲ್ಲಿ ಇದ್ದದ್ದು ಹಳೇ ಕಬ್ಬಿಣ ಮಾರುವವರು, ಕೊಳ್ಳುವವರು, ಅದರ ಬಗ್ಗೆ ಸುಳ್ಳು ಹೇಳುವವರು. ಉಸ್ತಾ ಬಿಶಾರಾ ಈ ಯಾವ ಗುಂಪಿಗೂ ಸೇರದವನು. ಕಸುಬು ಕರಗತವಾದ ಮೇಸ್ತ್ರಿಗೆ ನಮ್ಮಲ್ಲಿ ಉಸ್ತಾ ಅನ್ನುತ್ತಾರೆ. ಅವನು ಮೋಟಾರ್‌ಸೈಕಲ್ಲಿನ ಮುಂಭಾಗ ಕಟ್ಟುತ್ತಿದ್ದ, ಅಷ್ಟೇ. ಎಂಜಿನ್ ಕೆಟ್ಟಿದೆ ಅಂತ ಯಾರಾದರೂ ಬಂದರೆ ಮುಖ ಕೂಡ ನೋಡದೆ ಪಕ್ಕದ ಗಲ್ಲಿಗೆ ಕೈ ತೋರಿಸುತ್ತಿದ್ದ. ಹೊಗೆ ಉಗುಳುವ ಕೆಲಸಕ್ಕೆ ಊರು ತುಂಬ ಜನ ಇದ್ದಾರೆ, ದಾರಿ ಹಿಡಿಸುವವನು ಒಬ್ಬ ಸಾಕು ಅನ್ನುವುದು ಅವನ ಜಂಬ. ಆ ಜಂಬಕ್ಕೆ ಅವನು ತಕ್ಕವನೇ ಆಗಿದ್ದ ಅನ್ನುವುದೇ ನನ್ನ ಹೊಟ್ಟೆಯುರಿ.

ನಾನು ಅವನ ಎದುರಂಗಡಿಯ ಲೇತ್‌ನವನು. ಮಕ್ಕಾ ಇರುವ ದಿಕ್ಕು ಗೊತ್ತೇ ಹೊರತು ಅತ್ತ ಹೋದವನಲ್ಲ, ಆದರೂ ತಲೆ ನರೆತ ಮೇಲೆ ಓಣಿಗೆಲ್ಲ ಹಾಜಿಯಾದೆ. ಬಿಶಾರಾ ಕ್ರೈಸ್ತ. ಆದರೆ ನನ್ನ ಹಜ್ ಯಾತ್ರೆಯ ಬಗ್ಗೆ ಅವನಷ್ಟು ಕಾಳಜಿ ಇನ್ನಾರಿಗೂ ಇರಲಿಲ್ಲ. ಪ್ರತಿ ವರ್ಷ ಆ ತಿಂಗಳು ಬಂದಾಗ, ಈ ಸಲವೂ ಹಡಗು ನಿನ್ನ ಬಿಟ್ಟೇ ಹೋಯ್ತಾ ಅಂತ ನಾಲ್ಕು ಜನರ ಮುಂದೆ ಕೇಳುತ್ತಿದ್ದ. ಬೆಳಗ್ಗೆ ಅವನ ಬೆಂದ ಬೀನ್ಸ್ ಕಾಳಿನ ಪಾತ್ರೆಯಲ್ಲಿ ನನ್ನ ರೊಟ್ಟಿ ಅದ್ದುತ್ತಿದ್ದೆ, ಅವನ ಹೆಂಡತಿ ದಮಿಯಾನಾ ಹಾಕಿದ ಮೂಲಂಗಿ ಉಪ್ಪಿನಕಾಯಿಯಲ್ಲಿ ಅರ್ಧ ನನ್ನ ಪಾಲಿಗೆ ಬರುತ್ತಿತ್ತು.

ಅವನ ಕೈಗೆ ಬರುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷರ ಸೈನ್ಯ ಬಿಟ್ಟುಹೋದ ಗಾಡಿಗಳು. ಈಗಿನ ಗಾಡಿಗಳ ಹಾಗೆ ಅವುಗಳ ಮುಂದೆ ಎಣ್ಣೆ ತುಂಬಿದ ಎರಡು ಕೊಳವೆ ಇರುವುದಿಲ್ಲ. ಎರಡೂ ಬದಿಗೆ ಕಬ್ಬಿಣದ ಚೌಕಟ್ಟು, ನಡುವೆ ಒಂದು ದಪ್ಪ ಸ್ಪ್ರಿಂಗ್, ಅದನ್ನೆಲ್ಲ ಹಿಡಿದಿಡುವ ನಾಲ್ಕು ಅಡ್ಡ ಪಿನ್ನು. ಪಿನ್ನು ಕೂರುವ ಬುಷ್‌ಗಳನ್ನು ಕಂಚಿನಲ್ಲಿ ಕಡೆದು ಕೊಡುವುದು ನನ್ನ ಕೆಲಸ. ಕಟ್ಟುವುದು ಅವನದು. ಪ್ರತಿ ಪಿನ್ನಿನ ತುದಿಯಲ್ಲಿ ಅಂಚು ಗೀರಿದ ಒಂದು ವಾಷರ್ ಇರುತ್ತದೆ. ನಟ್ಟು ಬಿಗಿಯುತ್ತ ಹೋಗಿ ಆ ವಾಷರನ್ನು ಬೆರಳಲ್ಲಿ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಸಡಿಲ, ತಿರುಗದೇ ಹೋದರೆ ಬಿಗಿ, ಒಲ್ಲೆ ಒಲ್ಲೆ ಅಂತಲೇ ತಿರುಗಿದರೆ ಸರಿ. ಇದಕ್ಕೆ ಅಳತೆ ಕಡ್ಡಿ ಇಲ್ಲ. ಬೆರಳೇ ಎಲ್ಲ.

ಆ ಬೆರಳಿಗೆ ಏನೋ ಆಗಿದೆ ಅಂತ ನನಗೆ ಮೊದಲು ಗೊತ್ತಾದದ್ದು ಚಹಾದ ಗ್ಲಾಸಿನಿಂದ. ಕಹ್ವಾ ಅಂಗಡಿಯಿಂದ ಆಗಷ್ಟೇ ಕುದಿ ಇಳಿಸಿದ ಚಹಾ ಬಂದಿತ್ತು. ನಾನು ಗ್ಲಾಸಿನ ಅಂಚು ಹಿಡಿದು ಉಫ್ ಉಫ್ ಅನ್ನುತ್ತಿದ್ದೆ, ಅವನು ಗ್ಲಾಸನ್ನು ಅಂಗೈಯಲ್ಲಿ ಅಮುಕಿ ಹಿಡಿದು ಚರ್ಚಿನ ಗಂಟೆಯ ರಿಪೇರಿ ಕಥೆ ಹೇಳುತ್ತಲೇ ಇದ್ದ. ಮಾರನೆಯ ದಿನ ಬೆರಳಿನ ತುದಿಗಳಲ್ಲಿ ಬೊಬ್ಬೆ ಎದ್ದಿತ್ತು. ಸಕ್ಕರೆ ಕಾಯಿಲೆ ಅವನಿಗೆ ಎಷ್ಟೋ ವರ್ಷದಿಂದ ಇತ್ತು. ಅದರಿಂದ ಹತ್ತಿದ ಜೋಮು ಕಾಲಿನಿಂದ ಶುರುವಾಗಿ ಈಗ ಕೈಗೂ ಬಂದಿದೆ, ಹೋದ ಸ್ಪರ್ಶ ಮತ್ತೆ ಬರುವುದಿಲ್ಲ ಅಂತ ವೈದ್ಯರು ಹೇಳಿದ್ದನ್ನು ದಮಿಯಾನಾಳೇ ನನಗೆ ತಿಳಿಸಿದಳು. ಹೇಳುವಾಗ ಅವಳು ಅಳಲಿಲ್ಲ, ನನ್ನ ಮೇಲೆ ರೇಗಿದಳು.

"ಹಾಜಿ, ನೀನಾದ್ರೂ ಅವ್ರಿಗೆ ಹೇಳು. ಸಲ್ಲಾಮ್ ಮೂರು ಸಲ ಮನೆಗೆ ಬಂದ. ಅಂಗ್ಡಿ ಕೊಟ್ಟು ಮನೇಲಿ ಕೂತ್ಕೊಳ್ಳೋಕೆ ಇವ್ರಿಗೇನು ಕಷ್ಟ?"

ಸಲ್ಲಾಮ್ ಬಟ್ಟೆ ವ್ಯಾಪಾರಿ. ಓಣಿಯ ಆ ತುದಿಯಿಂದ ಒಂದೊಂದೇ ಕಬ್ಬಿಣದಂಗಡಿ ನುಂಗುತ್ತ ಬಂದು, ಈಗ ಬಿಶಾರಾನ ಗೋಡೆಯ ಆಚೆಗೆ ಹೆಂಗಸರ ಒಳಲಂಗಗಳನ್ನು ತೂಗುಹಾಕಿ ಕೂತಿದ್ದ. ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬೈಯುವುದು ಸುಲಭವಾಗುತ್ತಿತ್ತು.

ನಾನು ಹೇಳಿದೆ. ಬಿಶಾರಾ ಕೇಳಿಸಿಕೊಂಡ. ಫಿಕ್ರಿಯ ಗಾಡಿ ಬಂದಿದೆ, ಅದನ್ನು ಕಟ್ಟುತ್ತೇನೆ, ನೆಟ್ಟಗೆ ಓಡಿದರೆ ಅಂಗಡಿ ನನ್ನದು, ಇಲ್ಲದಿದ್ದರೆ ಬೀಗದ ಕೈ ಸಲ್ಲಾಮನಿಗೆ ಅಂದ. ಅಂಗಡಿ ಹೋದರೆ ಹೋಗಲಿ, ಮನೆಯಲ್ಲಿ ಸುಖವಾಗಿರಬಹುದಲ್ಲ ಅಂದೆ. ಆಗ ಅವನು ನನ್ನನ್ನು ನೋಡಿದ ನೋಟ ನನಗೆ ಹಿಡಿಸಲಿಲ್ಲ.

"ಮನೇಲಿ ನಾನ್ಯಾರು? ಹೊತ್ತು ಹೊತ್ತಿಗೆ ಚುಚ್ಚಿಸ್ಕೊಳ್ಳೋ ಮುದುಕ. ಇಲ್ಲಿ ಉಸ್ತಾ" ಅಂದ.

ಫಿಕ್ರಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವನು. ಮೆತ್ತನೆಯ ಮನುಷ್ಯ, ಯಾರನ್ನೂ ನೋಯಿಸಲಾರ, ಅದರಿಂದಲೇ ಉಪದ್ರವ. ಗಾಡಿ ಅವನ ಅಪ್ಪನದು. ಅಪ್ಪ ಅದನ್ನು ಒಂದು ಹಳ್ಳಕ್ಕೆ ಬೀಳಿಸಿ ಮುಂಭಾಗ ನುಗ್ಗುನುರಿ ಮಾಡಿ, ಮಹಡಿಯ ಮೆಟ್ಟಿಲ ಕೆಳಗೆ ಇಟ್ಟು ತೀರಿಕೊಂಡಿದ್ದ. ಬಿಶಾರಾ ಆ ಚೌಕಟ್ಟನ್ನು ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ, ನೂಲು ಕಟ್ಟಿ ನೋಡುತ್ತ ನೇರ ಮಾಡಿದ. ಅದು ಕಣ್ಣಿನ ಕೆಲಸ, ಕಣ್ಣು ಅವನಿಗೆ ಇನ್ನೂ ಚೆನ್ನಾಗಿತ್ತು. ಹ್ಯಾಂಡಲಿನ ಕುತ್ತಿಗೆಯ ಬಟ್ಟಲುಗಳಲ್ಲಿ ಗ್ರೀಸು ಮೆತ್ತಿ ಹೊಸ ಗುಂಡುಗಳನ್ನು ಕೂರಿಸುವಾಗ ಮಾತ್ರ ಅವು ಬೆರಳಿಂದ ಜಾರಿ ಜಾರಿ ನೆಲದ ಮೇಲೆ ಓಡಾಡಿದವು. ಅವನು ಮಂಡಿಯೂರಿ ಹೆಕ್ಕಿದ. ನಾನು ಲೇತ್ ಕಡೆ ತಿರುಗಿ ಸುಮ್ಮನೆ ಯಂತ್ರ ಓಡಿಸಿದೆ, ಅದರಲ್ಲಿ ಕಡೆಯಲು ಏನೂ ಇರಲಿಲ್ಲ. ಹೇಗೋ ಕುತ್ತಿಗೆ ಸರಿಯಾಯಿತು. ಮುಂದಿನ ಚಕ್ರ ಎತ್ತಿ ನಿಲ್ಲಿಸಿದಾಗ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಎಡಕ್ಕೂ ಬಲಕ್ಕೂ ವಾಲಿತು. ಅದನ್ನೂ ಕಣ್ಣಿನಲ್ಲಿ ನೋಡಬಹುದು.

ಉಳಿದದ್ದು ನಾಲ್ಕು ಪಿನ್ನು.

ಆ ದಿನ ಅವನು ಅವುಗಳ ಮುಂದೆ ಬಹಳ ಹೊತ್ತು ಕೂತಿದ್ದ. ನಟ್ಟು ಒಂದಿಷ್ಟು ಬಿಗಿಯುವುದು, ವಾಷರ್ ಮೇಲೆ ಬೆರಳಿಡುವುದು, ಬಿಡುವುದು, ಮತ್ತೆ ಇಡುವುದು. ಕೊನೆಗೆ ಕಿವಿ ಹತ್ತಿರ ತಂದು ವಾಷರ್ ತಿರುಗುವ ಸದ್ದು ಕೇಳಲು ನೋಡಿದ. ಸಲ್ಲಾಮನ ಅಂಗಡಿಯ ಗದ್ದಲದಲ್ಲಿ ಅವನಿಗೆ ಏನು ಕೇಳಿಸಿತೋ. ನಾನು ಎದ್ದು ಹೋಗಿ ಒಂದು ಸಲ ಮುಟ್ಟಿ ನೋಡಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ನಮ್ಮ ಓಣಿಯಲ್ಲಿ ಹಾಗಿಲ್ಲ. ಒಬ್ಬ ಉಸ್ತಾ ಕಟ್ಟುತ್ತಿರುವುದಕ್ಕೆ ಅವನು ಕರೆಯದೆ ಇನ್ನೊಬ್ಬ ಬೆರಳು ತಾಗಿಸಿದರೆ, ಅದು ಅವನ ಮುಖಕ್ಕೆ ಉಗುಳಿದ ಹಾಗೆ. ಅವನು ನನ್ನನ್ನು ಕರೆಯಲಿಲ್ಲ.

ಸಂಜೆ ಫಿಕ್ರಿ ಬಂದ. ಮುಂಭಾಗ ಕಟ್ಟಿದವನೇ ಗಾಡಿಯ ಮೇಲೆ ಮೊದಲು ಕೂರಬೇಕು ಅನ್ನುವುದು ನಮ್ಮಲ್ಲಿಯ ಕಟ್ಟಳೆ. ಮಸೀದಿಯ ಮೂಲೆಯಿಂದ ಹೊರಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕಲ್ಲುಹಾಸಿನ ಮೇಲೆ ಕಹ್ವಾ ಅಂಗಡಿಯವರೆಗೆ ಬರಬೇಕು. ನೆಟ್ಟಗೆ ಬಂದರೆ ಓಣಿಯವರು ಏನೂ ಅನ್ನುವುದಿಲ್ಲ, ತಲೆ ಆಡಿಸಿ ತಮ್ಮ ತಮ್ಮ ಕೆಲಸಕ್ಕೆ ತಿರುಗುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ. ಸೊಟ್ಟ ಹೋದರೆ ಸಿಳ್ಳೆ, ಸೌತೆಕಾಯಿ ಸಿಪ್ಪೆ, ಅವನ ಅಜ್ಜನವರೆಗೆ ಬೈಗುಳ. ಅವನೂ ತಿರುಗಿ ಬೈದು, ಗಾಡಿ ಒಳಗೆ ತಳ್ಳಿ ಮತ್ತೆ ಬಿಚ್ಚುತ್ತಾನೆ. ಸಿಳ್ಳೆ ಹಾಕುವವರಲ್ಲಿ ಮೊದಲ ಬಾಯಿ ಯಾವಾಗಲೂ ನನ್ನದು.

ಬಿಶಾರಾ ಮೂಲೆಯಿಂದ ಹೊರಟ. ಕೈ ಕಟ್ಟಿದ. ನಾಲ್ಕು ಮಾರು ಬರುವಷ್ಟರಲ್ಲಿ ಗಾಡಿಯ ಮೂತಿ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿತು, ಸ್ಪ್ರಿಂಗ್ ಅಲುಗಲೇ ಇಲ್ಲ, ಬಲಕ್ಕೆ ಎಳೆಯಿತು. ಅವನು ಹ್ಯಾಂಡಲ್ ಹಿಡಿದ. ಬಿಟ್ಟ. ಮತ್ತೆ ಸಲ್ಲಾಮನ ಲಂಗಗಳ ಕಡೆಗೆ ಎಳೆಯಿತು, ಮತ್ತೆ ಹಿಡಿದ. ಹಿಡಿದುಕೊಂಡೇ ಕಹ್ವಾ ಅಂಗಡಿ ತಲುಪಿದ.

ಯಾರೂ ಸಿಳ್ಳೆ ಹಾಕಲಿಲ್ಲ.

ಫಿಕ್ರಿಯೇ ಮೊದಲು ಶುರು ಮಾಡಿದ್ದು. "ಮಬ್ರೂಕ್ ಉಸ್ತಾ, ರೇಷ್ಮೆ ಥರ ಬಂತು" ಅಂದ. ಆಮೇಲೆ ಕಹ್ವಾ ಅಂಗಡಿಯವನು, ರೇಡಿಯೇಟರ್ ಬೆಸುಗೆಯವನು, ಸಲ್ಲಾಮ್ ಕೂಡ, ಎಲ್ಲರೂ ಮಬ್ರೂಕ್, ದೇವರು ನಿನ್ನ ಕೈಗೆ ಬರಕತ್ತು ಕೊಡಲಿ ಅಂದರು. ಮದುವೆ ಮನೆಯಲ್ಲಿ ಹೇಳುವ ಮಾತು. ಹೊಸ ಅಂಗಿ ತೊಟ್ಟವನಿಗೆ ಹೇಳುವ ಮಾತು. ಬಿಶಾರಾನ ಬದುಕಿನಲ್ಲಿ ಕೆಲಸದ ಮೇಲೆ ಅದನ್ನು ಯಾರೂ ಹೇಳಿರಲಿಲ್ಲ. ಅವನು ಗಾಡಿ ನಿಲ್ಲಿಸಿ, ಒಬ್ಬೊಬ್ಬರ ಮುಖವನ್ನೂ ನೋಡಿದ. ಕಾಯಿಲೆ ಅವನಿಗೆ ನಿಜವಾಗಿ ಬಂದದ್ದು ಆ ಗಳಿಗೆಯಲ್ಲಿ ಅಂತ ನನಗೆ ಅನ್ನಿಸುತ್ತದೆ. ಅವನು ಗಾಡಿ ತಳ್ಳಿಕೊಂಡು ನೇರ ನನ್ನ ಲೇತಿನ ಮುಂದೆ ಬಂದ.

"ನೀನ್ಯಾಕೋ ಬಾಯಿ ಮುಚ್ಕೊಂಡಿದ್ದೀಯ ಹಾಜಿ?"

"ಗಂಟಲು ಕಟ್ಟಿದೆ" ಅಂದೆ.

"ಹೇಳು."

ಹೇಳಿದೆ. "ಮೂಗುದಾರ ಇಲ್ಲದ ಎಮ್ಮೆ ಹಾಗೆ ಬಂತು ಕಣೋ. ಬಲಗಡೆ ಬಿಗಿಯಾಗಿದೆ, ಕೆಳಗಡೆ ಯಾವ್ದೋ ಸಡಿಲ. ನಿಮ್ಮಪ್ಪ ಕುರುಡಾಗಿದ್ರೂ ಇದಕ್ಕಿಂತ ಚೆನ್ನಾಗಿ ಕಟ್ತಿದ್ದ."

ಅವನ ಮುಖ ಸ್ವಲ್ಪ ಸಡಿಲವಾಯಿತು. ನಕ್ಕ ಅಂತಲೂ ಹೇಳಬಹುದು. ಆಮೇಲೆ ಗಾಡಿಯನ್ನು ಒಳಗೆ ತಳ್ಳಿ, ನಟ್ಟುಗಳನ್ನೆಲ್ಲ ಸಡಿಲಿಸಿ, ಸ್ಪ್ಯಾನರ್ ಹಿಡಿದು ಕೂತು, ತಲೆ ಎತ್ತದೆ ನನ್ನನ್ನು ಕರೆದ. ಇಷ್ಟು ವರ್ಷದಲ್ಲಿ ಅವನು ಕೆಲಸದ ನಡುವೆ ನನ್ನನ್ನು ಕರೆದದ್ದು ಅದೇ ಮೊದಲು.

"ಬೆರಳು ಇಡು."

ಇಟ್ಟೆ. ಅವನು ನಟ್ಟು ತಿರುಗಿಸುತ್ತಿದ್ದ, ನಾನು ವಾಷರ್ ತಿರುಗಿಸುತ್ತಿದ್ದೆ. ಈಗ ಹೇಗೆ ಅನ್ನುವನು, ಸಲೀಸು ಅನ್ನುವೆ. ಈಗ? ಒಲ್ಲೆ ಅಂತಿದೆ. ತಿರುಗುತ್ತಾ? ತಿರುಗುತ್ತೆ. ಸಾಕು. ಹೀಗೇ ನಾಲ್ಕೂ ಆಯಿತು. ಅವನು ನನ್ನ ಬೆರಳನ್ನೇ ನೋಡುತ್ತಿದ್ದ, ಹೊಸದಾಗಿ ಬಂದ ಯಾವುದೋ ಸಾಮಾನು ನೋಡುವಂತೆ. ನನಗೆ ನಾಚಿಕೆಯಾಯಿತು. ನನ್ನದು ದಪ್ಪ ಬೆರಳು, ಕಂಚಿನ ಚೂರು ಹೊಕ್ಕು ಹೊಕ್ಕು ಒರಟಾದದ್ದು. ಇಂಥದ್ದಕ್ಕೂ ಗೊತ್ತಾಗುವ ವಿಷಯ ಅವನ ಬೆರಳಿಗೆ ಗೊತ್ತಾಗದೆ ಹೋಯಿತಲ್ಲ.

ಲಾಕ್ ನಟ್ಟು ಬಿಗಿದು ಗಾಡಿ ಹೊರಗೆ ತಂದೆವು. ಹತ್ತು ಹೋಗು, ಓಣಿ ಕಾಯ್ತಿದೆ ಅಂದೆ. ಅವನು ಕೈ ಒರೆಸಿಕೊಳ್ಳುತ್ತ ನಿಂತ.

"ಕಟ್ಟಿದವ್ನು ಹತ್ಬೇಕು. ನೀನು ಹತ್ತು."

"ನಂಗೆ ಸೈಕಲ್ಲೂ ಬರಲ್ಲ ಅಂತ ನಿಂಗೊತ್ತು."

"ಹಾಗಾದ್ರೆ ಯಾರೂ ಹತ್ತಲ್ಲ."

ತಮಾಷೆ ಅಂದುಕೊಂಡೆ. ಬೇಡಿಕೊಂಡೆ, ಬೈದೆ. ನಟ್ಟು ತಿರುಗಿಸಿದ್ದು ನೀನೇ, ಚೌಕಟ್ಟು ನೇರ ಮಾಡಿದ್ದು ನೀನೇ, ನಾನು ಒಂದು ಬೆರಳು ಇಟ್ಟೆ, ಅಷ್ಟಕ್ಕೆಲ್ಲ ಕಟ್ಟಿದವನಾಗುತ್ತೇನಾ ಅಂದೆ. ದಿನಾ ಬರುತ್ತೇನೆ, ಬೆರಳು ಇಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂತಲೂ ಅಂದೆ. ಅವನು ಕೈ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿದ. ಫಿಕ್ರಿಯನ್ನು ಕರೆದು, ನೀನೇ ತಗೊಂಡು ಹೋಗು, ಕಹ್ವಾ ಅಂಗಡಿ ದಾಟಿದ ಮೇಲೆ ಕೈ ಬಿಡು ಅಂದ. ಫಿಕ್ರಿ ಹೆದರಿ ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಬಿಶಾರಾ ಅವನ ಬೆನ್ನು ತಟ್ಟಿ, ಬೀಳಲ್ಲ ಮಗಾ, ಇವನು ನೋಡಿದ್ದಾನೆ ಅಂತ ನನ್ನ ಕಡೆ ತೋರಿಸಿದ.

ಉಸ್ತಾ ಮೊದಲು ಕೂರದೆ ಗಾಡಿ ಹೊರಟದ್ದನ್ನು ನೋಡಲು ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ಫಿಕ್ರಿ ಕಹ್ವಾ ಅಂಗಡಿ ದಾಟಿದ. ಮಸೀದಿಯ ಮೂಲೆ ಇನ್ನೂ ದೂರ ಇರುವಾಗಲೇ ಅವನ ಕೈಗಳು ನಿಧಾನವಾಗಿ ಮೇಲೆದ್ದವು. ಗಾಡಿ ಕಲ್ಲುಗಳ ಮೇಲೆ ತಗ್ಗುತ್ತ ಏರುತ್ತ, ನೂಲು ಹಿಡಿದ ಹಾಗೆ ನೆಟ್ಟಗೆ ಹೋಗಿ ತಿರುವಿನಲ್ಲಿ ಮರೆಯಾಯಿತು.

ಓಣಿಯವರು ಏನೂ ಅನ್ನಲಿಲ್ಲ. ಬಿಶಾರಾನ ಕಡೆ ನೋಡಿ, ತಲೆ ಆಡಿಸಿ, ಕೆಲಸಕ್ಕೆ ತಿರುಗಿದರು. ಬೆಸುಗೆಯವನು ಬೆಂಕಿ ಹಚ್ಚಿದ. ಸಲ್ಲಾಮ್ ಲಂಗಗಳನ್ನು ಒಳಗೆ ಎಳೆದುಕೊಳ್ಳತೊಡಗಿದ. ಮುಗಿಯಿತು, ಅಂಗಡಿ ಉಳಿಯಿತು, ಇವನು ಸುಮ್ಮನಿದ್ದರೆ ಸಾಕು ಅಂದುಕೊಂಡೆ. ಸುಮ್ಮನಿರು ಅಂತ ಬಾಯಿ ಬಿಟ್ಟೂ ಹೇಳಿದೆ.

"ಏ, ಇಲ್ಲಿ ನೋಡಿ" ಅಂತ ಬಿಶಾರಾ ಕೂಗಿದ.

ಎಲ್ಲರೂ ತಿರುಗಿದರು. ಅವನು ನನ್ನ ಮಣಿಕಟ್ಟು ಹಿಡಿದು ನನ್ನ ಕೈಯನ್ನು ತಲೆಗಿಂತ ಮೇಲಕ್ಕೆ ಎತ್ತಿದ. ಓಣಿಯ ಈ ತುದಿಗೊಮ್ಮೆ, ಆ ತುದಿಗೊಮ್ಮೆ ತಿರುಗಿ ಆ ಕೈಯನ್ನು ತೋರಿಸಿದ. ಸಲ್ಲಾಮ್ ಲಂಗಗಳನ್ನು ಹಿಡಿದುಕೊಂಡು ನಿಂತಲ್ಲೇ ನಿಂತ. ಬೀಗದ ಕೈ ಇನ್ನು ಯಾರಿಗೆ ಅನ್ನುವುದು ಅವನಿಗೂ ಅರ್ಥವಾಗಿತ್ತು.

ಬಿಶಾರಾ ನನ್ನ ಮಣಿಕಟ್ಟನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಅನ್ನುವುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾನು ಬಿಡಿಸಿಕೊಳ್ಳಲಿಲ್ಲ.