ಶೆಟ್ಟೆವ್ವ ಸ್ಪೀಕರ್ ಹಾಕಿದಳು

ಬೆಲ್ಲದ ಬಾಗೇವಾಡಿಯ ಶೆಟ್ಟೆವ್ವ ಒಮ್ಮೆ ಮಾತು ಬಿಟ್ಟಳೆಂದರೆ ಬಿಟ್ಟಳು. ಮೈದುನ ಖಂಡೆಪ್ಪ ತನ್ನ ಹೊಲದೊಳಗಿಂದ ಇವರ ಹೊಲಕ್ಕೆ ಬರುವ ಗಾಡಿದಾರಿಗೆ ಮುಳ್ಳುಬೇಲಿ ಹಾಕಿದ ದಿನ ಅವಳೂ ಗಂಡ ಮಾಲಿಂಗಪ್ಪನೂ ಬೀರಪ್ಪನ ಗುಡಿಗೆ ಹೋಗಿ, ದೇವರ ಭಂಡಾರದ ಅರಿಶಿನ ಮುಟ್ಟಿ, ಇನ್ನು ಅವನ ಕೂಡ ಮಾತಿಲ್ಲವೆಂದು ಆಣೆ ಮಾಡಿ ಬಂದಿದ್ದರು. ಮೂರು ವರ್ಷವಾಯಿತು. ಬಾಜೂ ಹೊಲದಲ್ಲಿ ಅವನು ಕೆಮ್ಮಿದರೂ ಇವಳ ಮೈ ಉರಿಯುತ್ತಿತ್ತು.

ಅವತ್ತು ಮಧ್ಯಾಹ್ನ ಆಡುಗಳಿಗೆಂದು ಜಾಲಿಯ ಟೊಂಗೆ ಕಡಿಯುತ್ತಿದ್ದ ಮಾಲಿಂಗಪ್ಪನ ಕೊಡಲಿ ಜಾರಿ ತೊಡೆಗೆ ಬಿತ್ತು. ರಕ್ತ ಚಿಮ್ಮಿತು, ಅವನು ಅಲ್ಲೇ ಕುಸಿದ. ಶೆಟ್ಟೆವ್ವ ಚೀರುತ್ತಲೇ ಅವನ ಕಿಸೆಯಿಂದ ಮೊಬೈಲ್ ತೆಗೆದಳು. ಲಾಕ್ ತೆಗೆಯಲು ಅವಳಿಗೆ ಬಾರದು. ಲಾಕ್ ಇದ್ದರೂ ಕೆಳಗಿನ ‘ತುರ್ತು ಕರೆ’ ಒತ್ತಿದರೆ ಸಾಕೆಂದು ಮಗಳು ಭಾಗ್ಯಾ ತೋರಿಸಿಕೊಟ್ಟಿದ್ದಳು. 112 ಒತ್ತಿ, ಊರು ಹೇಳಿ, ಸ್ಪೀಕರ್ ಹಾಕಿ ಫೋನನ್ನು ಬದುವಿನ ಮೇಲಿಟ್ಟಳು.

“ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ, ಬಿಡಬೇಡಿ,” ಎಂದಿತು ಹೆಣ್ಣುದನಿ.

ವಾತ ಹಿಡಿದ ಅವಳ ಬೆರಳುಗಳಿಗೆ ಅದು ಸಾಗಲಿಲ್ಲ. ಚೀರಾಟ ಕೇಳಿ ಓಡಿಬಂದ ಖಂಡೆಪ್ಪ ತಲೆಯ ಪಟಗಾ ಬಿಚ್ಚಿ ಮಡಿಚಿ, ಅವಳ ಕೈ ಸರಿಸಿ, ಮೈಭಾರವೆಲ್ಲ ಬಿಟ್ಟು ಒತ್ತಿದ.

“ಯಾವ ದಾರಿಯಿಂದ ಬರಬೇಕು?” ಫೋನು ಕೇಳಿತು.

“ನಮ್ಮ ಹೊಲದಾಗಿಂದ ಬರ್ಲಿ,” ಎಂದ ಖಂಡೆಪ್ಪ.

ಶೆಟ್ಟೆವ್ವ ಫೋನಿನತ್ತ ಬಾಗಿದಳು. “ಅಕ್ಕಾರ, ಆ ದಾರಿ ಬಂದ್ ಮಾಡಿದವ್ರು ಯಾರಂತ ಕೇಳ್ರಿ ಅವ್ರಿಗೆ!”

“ಮುಳ್ಳು ಎಳದ ಒಗಿಯಂತ ಹೇಳ್ರಿ ನಮ್ಮ ವೈನಿಗೆ!” ಅತ್ತಿಗೆಯ ಕಡೆ ನೋಡದೆ ಖಂಡೆಪ್ಪನೂ ಫೋನಿಗೇ ಹೇಳಿದ.

ಮನುಷ್ಯ ಸಾಯುತ್ತಿದ್ದಾನೆ, ಇವರ ಹಟ ನೋಡಿ!

“ಜಗಳ ಆಮೇಲೆ ಆಡಿ. ಆಂಬುಲೆನ್ಸ್ ಡ್ರೈವರನ್ನ ಇದೇ ಕರೆಗೆ ಸೇರಿಸ್ತೀನಿ, ಕಟ್ ಮಾಡಬೇಡಿ,” ಎಂದ ದನಿ ಇಬ್ಬರನ್ನೂ ಹೋಲ್ಡಿನಲ್ಲಿಟ್ಟಿತು. ಫೋನಿನಲ್ಲಿ ವೀಣೆಯೋ ಏನೋ ನುಡಿಯತೊಡಗಿತು.

ಈಗ ನಡುವೆ ಯಾರೂ ಇರಲಿಲ್ಲ.

“ವೈನಿ, ಅಣ್ಣನ ಮಾರಿ ಬೆಳ್ಳಗಾಗಾಕತ್ತೈತಿ. ಲಗೂ ಹೋಗ್ರಿ,” ಎಂದ ಖಂಡೆಪ್ಪ.

ಶೆಟ್ಟೆವ್ವ ವೀಣೆಗೆ ಉತ್ತರ ಕೊಟ್ಟಳು. “ನಾ ಯಾರ ಹುಕುಮಿಗೂ ಹೊಂಟಿಲ್ಲ. ನನ್ನ ಗಂಡನ ಜೀವಕ್ಕ ಹೊಂಟೇನಿ.”

ಬರಿಗೈಯಲ್ಲಿ ಮುಳ್ಳು ಎಳೆದಳು. ಎಳೆದ ಒಂದೊಂದು ಟೊಂಗೆಗೂ ಅವನಿಗೊಂದು ಶಾಪ ಹಾಕಿದಳು. ಆ ಸಂದಿಯಿಂದಲೇ ಆಂಬುಲೆನ್ಸ್ ಬಂತು.

ಒಳಗೆ ಮಲಗಿಸಿ ಪಟ್ಟಿ ಬಿಗಿದ ಮೇಲೆ ಮಾಲಿಂಗಪ್ಪ ಕಣ್ಣು ತೆರೆದ. “ಯಾರ... ಒತ್ತಿ ಹಿಡದಿದ್ರು?”

ತಾನೂ ಹತ್ತಲೆಂದು ಖಂಡೆಪ್ಪ ಒಂದು ಕಾಲು ಮೇಲಿಟ್ಟಿದ್ದ. ಅವನ ಮೊಣಕೈವರೆಗೂ ಅಣ್ಣನ ರಕ್ತವಿತ್ತು.

“ಆಂಬುಲೆನ್ಸಿನವ್ರು,” ಎಂದಳು ಶೆಟ್ಟೆವ್ವ.

ಅಂದ ಕೂಡಲೇ ಅವಳಿಗೆ ನಾಚಿಕೆಯಾಯಿತು. ಆದರೂ ಮಾತು ತಿದ್ದಲಿಲ್ಲ. ಖಂಡೆಪ್ಪ ಕಾಲು ಕೆಳಗಿಟ್ಟು, ಹೊರಗಿನಿಂದ ಬಾಗಿಲು ಹಾಕಿದ.