ಅತ್ತೆ ಬಾಯಿಬಿಟ್ಟ ದಿನ

ಚೊಚ್ಚಲ ಬಸುರಿಯಾಗಿ ಮಣ್ಣೂರಿನ ತವರಿಗೆ ಬಂದಾಗ ನನ್ನ ಕಾಲುಗಳು ಬಾತುಕೊಂಡಿದ್ದವು. ಓಣಿಯ ಹೆಂಗಸರಿಗೆ ಅದೇ ಒಂದು ಸಂಭ್ರಮ. "ಮೈ ತುಂಬ್ಯಾದ ನೋಡ್ರಿ, ತವರಿನ ಊಟ ಹತ್ಯಾದ" ಎಂದು ಗಲ್ಲ ಹಿಂಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಪ್ಪಲಿಗೆ ಕಾಲು ತೂರದೆ ಬರಿಗಾಲಲ್ಲಿ ತಿರುಗುವವಳಿಗೆ ಎಲ್ಲಿಯ ಸಂಭ್ರಮ?

ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ನಾನು ಕೂಸಿದ್ದಾಗ ಅವ್ವ ಕಾಮಾಲೆಯಾಗಿ ತೀರಿಕೊಂಡಳು ಎಂದೇ ಅತ್ತೆ ಹೇಳುತ್ತ ಬಂದಿದ್ದಳು. ಬಸುರಿಯ ಕಿವಿಗೆ ಸಾವಿನ ಮಾತು ಬೀಳಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಓಣಿಯಲ್ಲಿ ಹೆಣ ಹೊರಟರೆ ನನ್ನನ್ನು ಅಡುಗೆಮನೆಗೆ ದಬ್ಬಿ ಬಾಗಿಲು ಹಾಕಿಬಿಡುತ್ತಿದ್ದಳು.

ಅಫಜಲಪುರದ ದವಾಖಾನೆಯಲ್ಲಿ ಡಾಕ್ಟರಬಾಯಿ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಬಿಪಿ ಏರಿದೆ, ಉಪ್ಪಿನಕಾಯಿ ಹಪ್ಪಳ ಮುಟ್ಟಬೇಡ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಈಕಿ ತಾಯಿಗಿ ಬಸುರಿದ್ದಾಗ ಬಿಪಿ, ಬಾವು ಏನರ ಇತ್ತೇನ್ರಿ?"

"ಇಲ್ರಿ. ಕಾಮಾಲಿ ಆಗಿತ್ರಿ" ಎಂದಳು ಅತ್ತೆ. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ಡಾಕ್ಟರಬಾಯಿ ಗುಳಿಗೆ ಕೊಟ್ಟು, ವಾರ ಬಿಟ್ಟು ಬರಲು ಹೇಳಿದರು.

ವಾರ ತುಂಬುವುದರೊಳಗೆ ಬಸುರಿಗೆ ಉಡಿ ತುಂಬುವ ಶಾಸ್ತ್ರ, ನನ್ನ ಕುಬಸ ಬಂತು. ಹಸಿರು ಸೀರೆ, ಮುಂಗೈ ತುಂಬ ಹಸಿರು ಬಳೆ. ಬಳೆಗಾರ ಸಬಕಾರದ ನೊರೆ ಹಚ್ಚಿ, ಹಿಚುಕಿ, ಬೆವರು ಸುರಿಸಿ ತೊಡಿಸಿದ. ಮರುದಿನ ಬೆಳಿಗ್ಗೆ ಎದ್ದರೆ ಬಳೆಗಳು ಮಾಂಸದೊಳಗೆ ಹೂತುಹೋಗಿದ್ದವು. ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. "ಅತ್ತೀ, ನಿನ್ನ ಮಾರಿ ಕಾಣವಲ್ದು!" ಎಂದು ಕೂಗಿಕೊಂಡೆ.

ಅತ್ತೆ ಓಡಿಬಂದು ನನ್ನ ಮುಂಗೈ ಹಿಡಿದಳು, ಹಿಡಿದವಳೇ ಕುಸಿದು ಕುಳಿತಳು. ಊರಿನ ಗೌಡನಿಗೂ ಹೆದರದ ಹೆಂಗಸು! ಅವಳೇ ಕುಸಿದರೆ ನನ್ನ ಗತಿ ಏನು?

"ಯಾಕ ಹೀಂಗ ಕುಂತಿ? ಏನಾಗ್ಯಾದ ನನಗ?"

ಅವಳು ಎದ್ದವಳೇ ಹೊರಗೆ ಓಡಿದಳು. ಯಾರದೋ ಜೀಪು ಹಿಡಿದು ಅಫಜಲಪುರಕ್ಕೆ ಒಯ್ದಳು. ಡಾಕ್ಟರಬಾಯಿ ಪಟ್ಟಿ ಬಿಚ್ಚುವ ಮೊದಲೇ ಅಂದರು: "ಈಗಿಂದೀಗ ಗುಲ್ಬರ್ಗಾಕ್ಕ ಒಯ್ರಿ. ಕೂಸಿನ್ನ ತಗೀಬೇಕಾಗ್ತದ. ತಡ ಮಾಡಿದ್ರ ಇಬ್ಬರೂ ಉಳಿಯಂಗಿಲ್ಲ."

"ಎಂಟು ತಿಂಗಳಿಗೇ ಹೊಟ್ಟಿ ಕೊಯ್ಸ್ಕೋಬೇಕಾ? ನಾ ಒಲ್ಲೆ! ಸತ್ರ ಮನ್ಯಾಗ ಸಾಯ್ತೇನಿ!" ಮಂಚದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಜನ ಅದನ್ನು ಹಟ ಅಂದುಕೊಂಡರು. ಹಟ ಎಲ್ಲಿಯದು, ಭಯಕ್ಕೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು.

"ಬಾಯಿ ಮುಚ್ಚ ಬೇ!" ಅತ್ತೆ ಚೀರಿದಳು. ಹುಟ್ಟಿದಾಗಿನಿಂದ ನನಗೆ ಹಾಗೆ ಅಂದವಳಲ್ಲ. "ನಿಮ್ಮವ್ವನೂ ಹೀಂಗ ಒಲ್ಲೆ ಅಂದಿದ್ಳು. ಕಾಮಾಲಿ ಅಲ್ಲ ಏನಲ್ಲ. ಹೀಂಗೇ ಕೈಕಾಲು ಬಾತಿದ್ವು, ಹೀಂಗೇ ಬಳಿ ಹೂತಿದ್ವು, ಹೀಂಗೇ ಕಣ್ಣು ಕಾಣವಲ್ದು ಅಂದ್ಳು. ನಿನ್ನ ಹಡದು, ನಿನ್ನ ಮಾರಿ ನೋಡದಂಗ ಹೋದ್ಳು."

ಡಾಕ್ಟರಬಾಯಿ ಸಿಟ್ಟಿನಿಂದ, "ಅವತ್ತ ಯಾಕ ಹೇಳ್ಲಿಲ್ರಿ?" ಎಂದರು.

"ಬಸುರಿ ಮುಂದ ಹ್ಯಾಂಗ ಹೇಳ್ಲಿರಿ ಯವ್ವಾ?" ಎಂದು ಅತ್ತೆ ಹಣೆ ಹಣೆ ಬಡಿದುಕೊಂಡಳು.

ಮಂಚದ ಕಬ್ಬಿಣ ಬಿಟ್ಟೆ. ನರ್ಸ್ ನನ್ನ ಹಸಿರು ಬಳೆಗಳನ್ನು ಒಂದೊಂದಾಗಿ ಒಡೆದು ತೆಗೆದಳು. ಮುತ್ತೈದೆಯ ಬಳೆ ಒಡೆಯುವುದನ್ನು ನೋಡಲಾರದೆ ಅತ್ತೆ ಗೋಡೆಯ ಕಡೆ ತಿರುಗಿ ನಿಂತಳು.

ಗುಲ್ಬರ್ಗಾದಲ್ಲಿ ಬೇರೆ ಡಾಕ್ಟರು, ಅದೇ ಪಟ್ಟಿ, ಅದೇ ಪ್ರಶ್ನೆ. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ನಮ್ಮವ್ವಗ ಇತ್ರಿ. ನನ್ನ ಹಡದು ಸತ್ತಾಳ್ರಿ. ನನ್ನ ಉಳಸ್ರಿ."

ಎಚ್ಚರವಾದಾಗ ಕಣ್ಣ ಮುಂದೆ ಇನ್ನೂ ಮಂಜು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. "ಅತ್ತೀ, ನಾ ಅದೀನೇನು?" ಎಂದೆ.

"ಅದೀ, ನನ ಕೂಸೇ, ಅದೀ" ಎಂದು ಅತ್ತೆ ನನ್ನ ಮಗಳನ್ನು ತಂದು ಮುಖದ ಹತ್ತಿರ, ತೀರಾ ಹತ್ತಿರ ಹಿಡಿದಳು. "ನೋಡು. ಕಣ್ಣು ತೆರದು ಈಕಿ ಮಾರಿ ನೋಡು."