ಎಣ್ಣೆ ಯಾರ ಪೈಕಿ?

ಹರಿಹರದ ನಮ್ಮ ಕಾರ್ಖಾನೆ ಕ್ಯಾಂಟೀನಿಗೆ ಪಾಮ್ ಎಣ್ಣೆ ಕೊಳ್ಳಲು ದಾವಣಗೆರೆಯ ಸಾಹುಕಾರರೊಬ್ಬರ ಅಂಗಡಿಗೆ ಹೋಗಿದ್ದೆ. ಕೂತ ಕೂಡಲೇ ವಿಚಾರಣೆ ಶುರುವಾಯಿತು: "ಯಾವೂರು? ಯಾರ ಪೈಕಿ? ತಾಯಿ ತವರು?" ಸಾರಥಿ ಎಂಬ ಊರಿನ ನಮ್ಮಜ್ಜನವರೆಗೂ ಎಲ್ಲ ಒಪ್ಪಿಸಿದೆ.

ಆಮೇಲೆ ಡ್ರಮ್ಮು ತೋರಿಸಿ ಕೇಳಿದೆ: "ಇದು ಯಾವೂರದ್ರಿ?"

"ಮಂಗಳೂರು ಬಂದರಿನಿಂದ ಬರ್ತೈತ್ರಿ."

"ಅದಕ್ಕೂ ಮುಂಚೆ?"

"ಹಡಗು."

"ಹಡಗಿನಾಗೆ ಬೆಳೀತಾರೇನ್ರಿ? ಯಾರ ತೋಟದ್ದು? ಕಾಡು ಸುಟ್ಟು ತಾಳೆ ಹಾಕ್ತಾರಂತ ಪೇಪರಿನಾಗೆ ಬಂದೈತೆ."

ಸಾಹುಕಾರರು ನಕ್ಕರು. "ಸೊಸೆ ತರೋದಾದ್ರೆ ಮೂಲ ಕೇಳ್ಬೇಕು. ಎಣ್ಣೆಗ್ಯಾಕ್ರಿ?"

"ಸೊಸೆ ಒಂದೇ ಮನೆಗೆ ಬರ್ತಾಳ್ರಿ. ಇದು ಕ್ಯಾಂಟೀನಿನೋರೆಲ್ಲರ ಹೊಟ್ಟೆಗೆ ಹೋಗ್ತೈತೆ. ತಿಳಿಯೋತನಕ ನಾ ಏಳಂಗಿಲ್ಲ."

ಸಾಹುಕಾರರು ತರಿಸಿದ ಚಹಾ ಮುಗಿದರೂ ನಾನು ಏಳಲಿಲ್ಲ. ಕೊನೆಗೆ ಅವರು ಬಂದರಿನ ಹೊಸ ಏಜೆಂಟನಿಗೆ ಫೋನ್ ಹಚ್ಚಿದರು. "ನಮಸ್ಕಾರ್ರಿ. ನಿಮ್ಮದು ಯಾವೂರು? ಯಾರ ಪೈಕಿ?"

ಎಣ್ಣೆಯ ಸರದಿ ಬರುವುದು ಆತನ ಅಜ್ಜನ ವಿಚಾರಣೆ ಮುಗಿದ ಮೇಲೆಯೇ. ನಾನು ಇನ್ನೊಂದು ಚಹಾ ಹೇಳಿದೆ.